ಫೇಕರ್ ಲೈಬ್ರರಿ: ಅಡಿಕೆ ಮಂಡಿಯ ತಂತ್ರಾಂಶಕ್ಕೆ ಪರೀಕ್ಷಾ ಡೇಟಾ, ದೀರ್ಘ ಬಳಕೆಯ ವಿಮರ್ಶೆ

ಶಿವಮೊಗ್ಗದ ಅಡಿಕೆ ಮಂಡಿ, ಸಹಕಾರ ಸಂಘಗಳ ಬಿಲ್ಲಿಂಗ್ ತಂತ್ರಾಂಶವನ್ನು ಪರೀಕ್ಷಿಸಲು ರೈತರ ಹೆಸರು, ಸರ್ವೆ ನಂಬರ್, ತೂಕ, ದರ ಎಲ್ಲವೂ ರಾಶಿ ರಾಶಿ ಬೇಕು. ಅಸಲಿ ರೈತರ ದಾಖಲೆಯನ್ನು ಟೆಸ್ಟ್ ಸರ್ವರ್‌ಗೆ ಎಳೆದುಕೊಳ್ಳುವುದು ತಪ್ಪು. ಅದಕ್ಕೇ ಪೈಥಾನ್‌ನ ಫೇಕರ್ ಎಂಬ, ನಕಲಿ ಡೇಟಾ ಹುಟ್ಟಿಸುವ ಲೈಬ್ರರಿ ಬಳಸುತ್ತಿದ್ದೇವೆ. ಉಚಿತ, ಪಿಪ್‌ನಿಂದ ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಬಿಡುವ ಯೋಚನೆ ಇಲ್ಲ. ಆದರೆ ಬಂದ ಹಾಗೇ ಬಳಸಿದರೆ ಮಲೆನಾಡಿನ ದಾಖಲೆಗಳಲ್ಲಿ ನಿಜಕ್ಕೂ ಕಾಡುವ ದೋಷಗಳು ಬಲೆಗೆ ಬೀಳುವುದಿಲ್ಲ.

ಮೊದಲ ಕೆಲಸ ಸೀಡ್, ಅಂದರೆ ಯಾದೃಚ್ಛಿಕ ಆಯ್ಕೆ ಶುರುವಾಗುವ ನಿಗದಿತ ಸಂಖ್ಯೆ. ಫೇಕರ್.ಸೀಡ್(577201) ಎಂದು ಕೊಟ್ಟರೆ ಪ್ರತಿ ಸಲವೂ ಅದೇ ಡೇಟಾ ಬರುತ್ತದೆ, ಸಿಕ್ಕ ದೋಷವನ್ನು ಮತ್ತೆ ಹಿಡಿಯಬಹುದು. ಇದು ಕೈಕೊಡುವುದು ಮೂರು ಕಡೆ. ಲೈಬ್ರರಿಯ ಆವೃತ್ತಿ ಬದಲಾದರೆ ಡೇಟಾ ಬದಲಾಗಬಹುದು, ಆವೃತ್ತಿಯನ್ನು ಕಟ್ಟಿಹಾಕಿ. ದಿನಾಂಕಕ್ಕೆ ‘ಎರಡು ವರ್ಷದ ಹಿಂದಿನಿಂದ ಇವತ್ತಿನವರೆಗೆ’ ಎಂದು ಕೊಟ್ಟರೆ ನಾಳೆ ಉತ್ತರ ಬೇರೆ, ಎರಡೂ ತುದಿಗೆ ನಿಗದಿತ ದಿನಾಂಕ ಕೊಡಿ. ಸ್ವಂತ ಪ್ರೊವೈಡರ್ (ಒಂದು ಬಗೆಯ ಡೇಟಾ ಹುಟ್ಟಿಸುವ ಕೋಡ್) ಒಳಗೆ ಪೈಥಾನ್‌ನ ರ‍್ಯಾಂಡಮ್ ಮಾಡ್ಯೂಲ್ ಕರೆದರೆ ಸೀಡ್ ಅದಕ್ಕೆ ತಗಲುವುದೇ ಇಲ್ಲ. ಅಲ್ಲಿ ಸೆಲ್ಫ್.ರ‍್ಯಾಂಡಮ್_ಇಂಟ್ ಥರದ್ದನ್ನೇ ಬಳಸಬೇಕು.

ಸ್ವಂತ ಪ್ರೊವೈಡರ್ ಬರೆಯದೆ ಗತಿಯಿಲ್ಲ. ಭಾರತದ ಇಂಗ್ಲಿಷ್ ಲೊಕೇಲ್‌ನಲ್ಲಿ (ದೇಶ-ಭಾಷೆಯ ಸಿದ್ಧ ಪಟ್ಟಿ) ಊರು ಮತ್ತು ರಾಜ್ಯವನ್ನು ಬೇರೆ ಬೇರೆ ಕರೆದರೆ ಒಂದಕ್ಕೊಂದು ಹೊಂದುವುದಿಲ್ಲ. ತಾಲ್ಲೂಕು, ಪಿನ್‌ಕೋಡ್ ಒಟ್ಟಿಗೇ ಹೊರಬರುವಂತೆ ಮಾಡಿ: ತೀರ್ಥಹಳ್ಳಿಗೆ 577432, ಸಾಗರಕ್ಕೆ 577401. ಅಡಿಕೆಯದ್ದೂ ಹಾಗೇ. ಮೊದಲು ರಾಶಿ, ಬೆಟ್ಟೆ, ಗೊರಬಲು, ಸರಕು ಈ ಬಗೆಗಳಲ್ಲಿ ಒಂದನ್ನು, ಯಾವುದು ಎಷ್ಟು ಸಲ ಬರಬೇಕೆಂಬ ಪ್ರಮಾಣ ಕೊಟ್ಟು ಆರಿಸಿ, ಆಮೇಲೆ ಆ ಬಗೆಯ ದರದ ಮಿತಿಯೊಳಗೆ ಬೆಲೆ ಇಡಿ. ಇಲ್ಲದಿದ್ದರೆ ಗೊರಬಲಿಗೆ ಸರಕಿನ ದರ ಬಂದು ವರದಿಯ ಸರಾಸರಿಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ.

ಜಮೀನಿನ ವಿಸ್ತೀರ್ಣಕ್ಕೆ ದಶಮಾಂಶ ಸಂಖ್ಯೆ ಹುಟ್ಟಿಸಬೇಡಿ. ಎಕರೆಗೆ 40 ಗುಂಟೆ. ಪಹಣಿಯ ಲೆಕ್ಕದಲ್ಲಿ 2.30 ಎಂದರೆ ಎರಡು ಎಕರೆ ಮೂವತ್ತು ಗುಂಟೆ, ಅಂದರೆ 2.75 ಎಕರೆ. ಎಕರೆ ಒಂದು ಪೂರ್ಣಾಂಕ, ಗುಂಟೆ 0ಯಿಂದ 39ರವರೆಗೆ ಇನ್ನೊಂದು. 39 ಗುಂಟೆಗೆ 1 ಕೂಡಿಸಿದಾಗ ಎಕರೆ ಏರುತ್ತದೆಯೇ ಎಂಬ ಪರೀಕ್ಷೆಯನ್ನು ಕೈಯಾರೆ ಸೇರಿಸಿ, ಅದನ್ನು ಅದೃಷ್ಟಕ್ಕೆ ಬಿಡಬಾರದು. ಸರ್ವೆ ನಂಬರ್ 12/2 ಎಕ್ಸೆಲ್‌ನಲ್ಲಿ ತೆರೆದರೆ ದಿನಾಂಕವಾಗಿಬಿಡುತ್ತದೆ, ಆ ಬಗೆಯ ನಂಬರುಗಳೂ ಇರಲಿ.

ಅತಿ ಹೆಚ್ಚು ದೋಷ ಸಿಕ್ಕುವುದು ಕನ್ನಡ ಹೆಸರುಗಳಲ್ಲಿ. ‘ಸೊರಬ’ದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಒಂದು ನಾಲ್ಕು ಸಂಕೇತ, ಇನ್ನೊಂದು ಐದು. ಹುಡುಕಿದರೆ ರೈತನ ಖಾತೆ ಸಿಗುವುದಿಲ್ಲ. ಎರಡೂ ರೂಪ ಬೆರೆಸಿ ಡೇಟಾ ಮಾಡಿ, ತಂತ್ರಾಂಶ ಅವನ್ನು ಎನ್‌ಎಫ್‌ಸಿ ಎಂಬ ಒಂದೇ ಜೋಡಿತ ರೂಪಕ್ಕೆ ತರುತ್ತದೆಯೇ ನೋಡಿ. ‘ತೀರ್ಥಹಳ್ಳಿ’ ಯುಟಿಎಫ್-8ರಲ್ಲಿ 30 ಬೈಟ್, ಬೈಟ್ ಲೆಕ್ಕದ ಸಣ್ಣ ಕಾಲಂ ಇದ್ದರೆ ಹೆಸರು ನಡುವೆ ಕತ್ತರಿಸಿಹೋಗುತ್ತದೆ. ಇನಿಷಿಯಲ್ ಹಿಂದೆ, ಮುಂದೆ, ಚುಕ್ಕಿ ಇದ್ದು, ಇಲ್ಲದೆ, ‘ಬಿನ್’, ‘ಕೋಂ’ ಸಮೇತ ಎಲ್ಲ ಬಗೆಯೂ ಬೇಕು.

ಆಧಾರ್ ಬಗ್ಗೆ ಎಚ್ಚರ. ಅಸಲಿ ಆಧಾರ್‌ನ ಕೊನೆಯ ಅಂಕಿ ವೆರ್‌ಹೋಫ್ ಎಂಬ, ನಂಬರ್ ತಪ್ಪಿದೆಯೇ ಎಂದು ಪತ್ತೆಹಚ್ಚುವ ಲೆಕ್ಕದ್ದು. ನಾವು ಬಳಸಿದ ಫೇಕರ್ ಆವೃತ್ತಿ ಹಾಕುವುದು ಲೂನ್ ಎಂಬ ಬೇರೆ ಲೆಕ್ಕದ್ದು. ಹಾಗಾಗಿ ಸರಿಯಾದ ವ್ಯಾಲಿಡೇಟರ್ ಇವುಗಳಲ್ಲಿ ಬಹುಪಾಲನ್ನು ತಿರಸ್ಕರಿಸುತ್ತದೆ, ಅದು ತಂತ್ರಾಂಶದ ತಪ್ಪಲ್ಲ. ಮೊಬೈಲ್ ನಂಬರ್ ಇನ್ನೂ ಸೂಕ್ಷ್ಮ: ಯಾದೃಚ್ಛಿಕವಾಗಿ ಬಂದ ಹತ್ತು ಅಂಕಿ ಯಾರದ್ದೋ ನಿಜವಾದ ನಂಬರ್ ಆಗಿರಬಹುದು. ‘ನಿಮ್ಮ ಸಾಲ ಬಾಕಿ ಇದೆ’ ಎಂಬ ಸಂದೇಶ ಅಪರಿಚಿತರಿಗೆ ಹೋಗಬಾರದು, ಟೆಸ್ಟ್ ಸರ್ವರ್‌ನಲ್ಲಿ ಎಸ್‌ಎಂಎಸ್ ಗೇಟ್‌ವೇ ಮುಚ್ಚಿಯೇ ಇರಬೇಕು. ಇಮೇಲ್‌ಗೆ ಯಾರದ್ದೂ ಅಲ್ಲದ ವಿಳಾಸ ಕೊಡುವ ಸೇಫ್_ಇಮೇಲ್ ಸಾಕು.

ಒಮ್ಮೆ ಬಂದ ಮೌಲ್ಯ ಮತ್ತೆ ಬಾರದಂತೆ ತಡೆಯುವ ಯೂನಿಕ್ ಸೌಲಭ್ಯ ಚೆನ್ನಾಗಿದೆ, ಆದರೆ 1ರಿಂದ 500ರೊಳಗೆ 600 ಸದಸ್ಯ ಸಂಖ್ಯೆ ಕೇಳಿದರೆ ಯೂನಿಕ್‌ನೆಸ್ ಎಕ್ಸೆಪ್ಷನ್ ಬಂದು ನಿಲ್ಲುತ್ತದೆ. ಟೆಸ್ಟ್‌ಗಳ ನಡುವೆ ಅದರ ಹಳೆಯ ನೆನಪನ್ನು ಕ್ಲಿಯರ್ ಮಾಡುವುದನ್ನು ಮರೆತರೂ ಇದೇ ಗತಿ.

ವೇಗ ಇದರ ದುರ್ಬಲ ಬದಿ. ಲಕ್ಷಗಟ್ಟಲೆ ಸಾಲು ಬೇಕಾದರೆ ಹೆಸರುಗಳನ್ನು ನಿಜ ಬಳಕೆಯ ಪ್ರಮಾಣದಲ್ಲಿ ಆರಿಸುವ ಯೂಸ್_ವೆಯ್ಟಿಂಗ್ ಆಯ್ಕೆಯನ್ನು ಫಾಲ್ಸ್ ಮಾಡಿ, ಕೆಲವು ಸಾವಿರ ಹೆಸರು ಮಾತ್ರ ಫೇಕರ್‌ನಿಂದ ತೆಗೆದು ಮರುಬಳಸಿ, ತೂಕ-ದರಗಳನ್ನು ಸಂಖ್ಯೆಗಳ ಲೈಬ್ರರಿ ನಮ್‌ಪೈಗೆ ಬಿಡಿ. ಸಿಎಸ್‌ವಿ ಬರೆದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಾಪಿ ಆದೇಶದಿಂದ ತುಂಬಿಸಿ, ಒಂದೊಂದೇ ಸಾಲು ಇನ್‌ಸರ್ಟ್ ಮಾಡುತ್ತ ಕೂರಬೇಡಿ.