ಹೊಸ ಮನೆಗೆ ಎಲ್‌ಇಡಿ ಡೌನ್‌ಲೈಟ್: ವ್ಯಾಟ್ ಆಮೇಲೆ, ಮೊದಲು ಕಣ್ಣಿಗೆ ಹೊಡೆಯುತ್ತಾ ನೋಡಿ

ಹೊಸ ಮನೆಗೆ ಮೂರು ಥರದ ಡೌನ್‌ಲೈಟ್ (ಸೀಲಿಂಗ್‌ನಲ್ಲಿ ತೂತು ಕೊರೆದು ಕೂರಿಸಿ ಕೆಳಗೆ ಬೆಳಕು ಬೀಳಿಸೋ ಲೈಟ್) ಹಾಕಿಸಿ ಬಳಸ್ತಾ ಇದೀನಿ. ತೆಳ್ಳಗಿರೋ ಸ್ಲಿಮ್ ಪ್ಯಾನೆಲ್ ಒಂದು, ಸಿಒಬಿ ಚಿಪ್ (ಹಲವು ಪುಟ್ಟ ಎಲ್‌ಇಡಿ ಒಂದೇ ಕಡೆ ಸೇರಿಸಿದ್ದು) ಒಳಗೆ ಆಳದಲ್ಲಿ ಕೂತಿರೋ ಡೀಪ್ ರಿಸೆಸ್ಡ್ ಇನ್ನೊಂದು, ಎರಡು ಪಿನ್ನಿನ ಬಲ್ಬ್ ತಿರುಗಿಸಿ ಬಿಚ್ಚಿ ಬದಲಾಯಿಸಬಹುದಾದ ಜಿಯು10 ಫಿಟ್ಟಿಂಗ್ ಮೂರನೇದು. ಹಾಲ್‌ಗೆ, ಬೆಡ್‌ರೂಮಿಗೆ ಡೀಪ್ ರಿಸೆಸ್ಡೇ ಸರಿ, ಇದರಲ್ಲಿ ನಂಗೆ ಎರಡು ಮಾತಿಲ್ಲ.

ಯಾಕಂದ್ರೆ ಸ್ಲಿಮ್ ಪ್ಯಾನೆಲ್‌ನಲ್ಲಿ ಇಡೀ ಬಿಳಿ ಮುಖಾನೇ ಹೊಳೆಯುತ್ತೆ, ಸೋಫಾ ಮೇಲೆ ಕೂತು ಟಿವಿ ನೋಡ್ತಿದ್ರೂ ಕಣ್ಣಂಚಲ್ಲಿ ಅದೇ ಕಾಣ್ತಿರುತ್ತೆ, ಮಂಚದ ಮೇಲೆ ಮಲಗಿದ್ರಂತೂ ನೇರ ಕಣ್ಣಿಗೇ ಬೀಳುತ್ತೆ. ಡೀಪ್ ರಿಸೆಸ್ಡ್‌ನಲ್ಲಿ ಚಿಪ್ ಮೇಲಿರುತ್ತೆ, ದೂರದಿಂದ ನೋಡಿದ್ರೆ ಲೈಟ್ ಆನ್ ಇದೆಯಾ ಅಂತಾನೇ ಗೊತ್ತಾಗಲ್ಲ, ಬೆಳಕು ಮಾತ್ರ ನೆಲದ ಮೇಲೆ, ಗೋಡೆ ಮೇಲೆ ಚೆನ್ನಾಗಿ ಬಿದ್ದಿರುತ್ತೆ. ಇಷ್ಟಾದ್ರೂ ಮಂಚದ ತಲೆದಿಂಬಿನ ನೇರಕ್ಕೆ ಯಾವ ಲೈಟೂ ಹಾಕಿಸಬೇಡಿ. ಆಮೇಲೆ ಡೀಪ್ ರಿಸೆಸ್ಡ್‌ಗೆ ಫಾಲ್ಸ್ ಸೀಲಿಂಗ್ ಮೇಲೆ ಸುಮಾರು ಮೂರು ನಾಲ್ಕು ಇಂಚು ಜಾಗ ಬೇಕು, ಹಾಗಾಗಿ ಸೀಲಿಂಗ್ ಫ್ರೇಮ್ ಕಟ್ಟೋಕೆ ಮುಂಚೆನೇ ಮಾಡೆಲ್ ಫೈನಲ್ ಮಾಡಿ, ಜಾಗ ಇಲ್ಲದ ಕಡೆ ಸ್ಲಿಮ್ ಬಿಟ್ರೆ ಬೇರೆ ದಾರಿ ಇರಲ್ಲ.

ಬೀಮ್ ಆ್ಯಂಗಲ್, ಅಂದ್ರೆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತೆ ಅನ್ನೋ ಕೋನ, ಅದರ ಬಗ್ಗೆ ಅಂಗಡಿಯವರು ಅವರಾಗೇ ಹೇಳೋದು ಕಮ್ಮಿ, ನೀವೇ ಕೇಳಿ. ಒಂಬತ್ತು ಅಡಿ ಎತ್ತರದ ಸೀಲಿಂಗ್‌ನಿಂದ 24 ಡಿಗ್ರಿ ಲೈಟ್ ನೆಲದ ಮೇಲೆ ಹತ್ತತ್ರ ನಾಲ್ಕು ಅಡಿ ಅಗಲದ ವೃತ್ತ ಮಾಡುತ್ತೆ, 36 ಡಿಗ್ರಿ ಆದ್ರೆ ಆರಡಿ, 60 ಡಿಗ್ರಿ ಆದ್ರೆ ಹತ್ತಡಿ. ಅಂದ್ರೆ ಫೋಟೋ ಫ್ರೇಮಿಗೆ, ಟೀಪಾಯಿಗೆ 24 ಸಾಕು, ರೂಮಿನ ಸಾಮಾನ್ಯ ಬೆಳಕಿಗೆ 60 ಬೇಕು. ರೂಮ್ ಪೂರ್ತಿ 24 ಹಾಕಿದ್ರೆ ಅಲ್ಲಲ್ಲಿ ಬೆಳಕು, ನಡುವೆ ಕತ್ತಲು, ಮುಖದ ಮೇಲೆ ಕೆಟ್ಟ ನೆರಳು.

ವ್ಯಾಟ್ ಅನ್ನೋದು ಕರೆಂಟ್ ಎಷ್ಟು ಎಳೆಯುತ್ತೆ ಅನ್ನೋ ಲೆಕ್ಕ ಅಷ್ಟೇ, ಬೆಳಕಿನ ಲೆಕ್ಕ ಲ್ಯೂಮೆನ್‌ನಲ್ಲಿ ಇರುತ್ತೆ. ಒಂದೇ 12 ವ್ಯಾಟ್‌ನಲ್ಲಿ ಒಂದು ಕಂಪನಿದು ಜಾಸ್ತಿ ಲ್ಯೂಮೆನ್ ಕೊಡುತ್ತೆ, ಇನ್ನೊಂದು ಕಮ್ಮಿ, ಡಬ್ಬದ ಮೇಲೆ ಬರೆದಿರುತ್ತೆ ಓದಿ. ಬಣ್ಣಕ್ಕೆ ಬಂದ್ರೆ ಹಾಲ್, ಬೆಡ್‌ರೂಮಿಗೆ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, 3000 ಅಂದ್ರೆ ಹಳದಿ ಮಿಶ್ರಿತ ಬಿಳಿ), ಅಡುಗೆಮನೆಗೆ 4000 ಹಾಕಿಸಿದೀನಿ, ತುಂಬಾ ಖುಷಿ ಇದೆ. 6500 ಅಂದ್ರೆ ನೀಲಿ ಮಿಶ್ರಿತ ಬಿಳಿ, ರಾತ್ರಿ ಹೊತ್ತು ಮನೇಲಿ ಕೂತು ಮಾತಾಡೋಕೆ ಅದು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಇದಕ್ಕಿಂತ ಮುಖ್ಯವಾದದ್ದು ಸಿಆರ್‌ಐ, ಅಂದ್ರೆ ಆ ಬೆಳಕಲ್ಲಿ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋದರ ಅಂಕಿ, ನೂರು ಅಂದ್ರೆ ಪೂರ್ತಿ. ಮಾರ್ಕೆಟ್‌ನಲ್ಲಿ ಮಾಮೂಲಾಗಿ ಸಿಗೋದು 80, ಹುಡುಕಿದ್ರೆ 90ರ ಮೇಲಿಂದೂ ಸಿಗುತ್ತೆ. ವ್ಯತ್ಯಾಸ ನೋಡ್ಬೇಕಂದ್ರೆ ಎರಡನ್ನೂ ಹೊತ್ತಿಸಿ ಕೆಳಗೆ ಅಂಗೈ ಹಿಡೀರಿ, 80ರಲ್ಲಿ ಚರ್ಮದ ಬಣ್ಣ ಸಪ್ಪೆ ಕಾಣುತ್ತೆ, 90ರಲ್ಲಿ ರಕ್ತ ಓಡಾಡ್ತಿರೋ ಹಾಗೆ ಕಾಣುತ್ತೆ. ಕೆಂಪು ಎಷ್ಟು ಸರಿಯಾಗಿ ಕಾಣುತ್ತೆ ಅನ್ನೋಕೆ ಆರ್9 ಅಂತ ಬೇರೆ ಅಂಕಿನೇ ಇದೆ, ಮಾಮೂಲಿ ಸಿಆರ್‌ಐ ಲೆಕ್ಕದಲ್ಲಿ ಅದು ಸೇರಲ್ಲ, ಡೇಟಾಶೀಟ್ ಕೊಟ್ರೆ ಅದನ್ನೂ ನೋಡಿ.

ಈಗ ಡ್ರೈವರ್, ಅಂದ್ರೆ ಮನೆ ಕರೆಂಟನ್ನ ಎಲ್‌ಇಡಿಗೆ ಬೇಕಾದ ಹಾಗೆ ಬದಲಾಯಿಸಿ ಕೊಡೋ ಭಾಗ. ಎಲ್‌ಇಡಿ ಚಿಪ್ ಸುಲಭಕ್ಕೆ ಸಾಯಲ್ಲ, ಬಹಳ ಸಲ ಮೊದಲು ಹೋಗೋದು ಡ್ರೈವರೇ, ಅದರೊಳಗಿನ ಕೆಪಾಸಿಟರ್ ಬಿಸಿಗೆ ಒಣಗಿ ಹಾಳಾಗುತ್ತೆ. ಅದಕ್ಕೇ ಡ್ರೈವರ್ ಬೇರೆ ಡಬ್ಬಿಯಲ್ಲಿ, ಕನೆಕ್ಟರ್ ಹಾಕಿ ಬಿಚ್ಚೋ ಥರ ಇರೋದನ್ನೇ ತಗೊಳ್ಳಿ, ಒಳಗೇ ಕೂಡಿಸಿದ್ದು ಆದ್ರೆ ಡ್ರೈವರ್ ಹೋದ ದಿನ ಇಡೀ ಲೈಟೇ ಬಿಸಾಡಬೇಕು. ಮೇಲೆ ಗಾಳಿಯಾಡೋಕೆ ಜಾಗ ಬಿಡಿ, ಥರ್ಮಾಕೋಲ್, ಇನ್ಸುಲೇಶನ್ ಏನಾದ್ರೂ ಅದರ ಮೇಲೆ ಹೊದಿಸಬೇಡಿ. ಫೋನ್ ಕ್ಯಾಮೆರಾ ಸ್ಲೋ ಮೋಷನ್‌ನಲ್ಲಿಟ್ಟು ಲೈಟ್ ಕಡೆ ಹಿಡಿದು ನೋಡಿ, ಮಿಣುಕ್ ಮಿಣುಕ್ ಅಂತ ಜೋರಾಗಿ ಕಂಡ್ರೆ ಆ ಡ್ರೈವರ್ ಬೇಡ. ಡಿಮ್ಮರ್ ಹಾಕಿಸೋದಾದ್ರೆ ಡಿಮ್ಮಬಲ್ ಡ್ರೈವರೇ ಬೇಕು, ಹಳೇ ಕಾಲದ ಬಲ್ಬಿನ ಡಿಮ್ಮರಿಗೆ ಎಲ್‌ಇಡಿ ಲೋಡ್ ತುಂಬಾ ಕಮ್ಮಿ ಆಗಿ ಮಿಣುಕೋ ಸಾಧ್ಯತೆ ಇರುತ್ತೆ.

ಜಿಯು10 ಫಿಟ್ಟಿಂಗ್ ನಂಗೆ ಕಾರಿಡಾರಿಗೆ ಹಿಡಿಸ್ತು, ಬಲ್ಬ್ ಹೋದ್ರೆ ಎಲೆಕ್ಟ್ರಿಷಿಯನ್ ಕರೆಯೋದೇ ಬೇಡ, ಆದ್ರೆ ಬೆಳಕು ಸ್ವಲ್ಪ ಕಮ್ಮಿ. ಸ್ಲಿಮ್ ಪ್ಯಾನೆಲ್ ಸ್ಟೋರ್‌ರೂಮ್, ಯುಟಿಲಿಟಿಗೆ ಧಾರಾಳವಾಗಿ ಹಾಕ್ಬಹುದು. ಬಾತ್‌ರೂಮಿಗೆ ಐಪಿ44 (ಐಪಿ ಅಂದ್ರೆ ಧೂಳು, ನೀರು ತಡೆಯೋ ಮಟ್ಟ) ಆದ್ರೂ ಇರ್ಲಿ, ಶವರ್ ಮೇಲೆ ಐಪಿ65.

ಎಲ್ಲಾ ಒಂದೇ ಬ್ಯಾಚ್‌ನಲ್ಲಿ ತಗೊಳ್ಳಿ, ಒಂದೆರಡು ಎಕ್ಸ್‌ಟ್ರಾ ಇಟ್ಕೊಳ್ಳಿ, ಮುಂದೆ ತಂದ್ರೆ ಅದೇ 3000 ಕೆಲ್ವಿನ್ ಅಂದ್ರೂ ಬಣ್ಣದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಸೀಲಿಂಗ್‌ನಲ್ಲಿ ಕೊರೆದ ತೂತಿನ ಅಳತೆ ಮಿಲಿಮೀಟರ್‌ನಲ್ಲಿ ಬರೆದು ಬಿಲ್ ಜೊತೆ ಇಟ್ಟಿರಿ, ಆ ಮಾಡೆಲ್ ನಿಂತುಹೋದ್ರೂ ಅದೇ ತೂತಿಗೆ ಕೂರೋ ಬೇರೇದು ಹುಡುಕಬಹುದು.