ಮುಂಜಾನೆಯ ನಡಿಗೆಯೋ, ತಡಿಯಂಡಮೋಳಿನ ಏರೋ?

ಮಡಿಕೇರಿಯ ರಾಜಾಸೀಟಿನ ಸುತ್ತ ನಡೆಯುವುದಕ್ಕೂ, 1748 ಮೀಟರ್ ಎತ್ತರದ ತಡಿಯಂಡಮೋಳ್ ಏರುವುದಕ್ಕೂ ಇರುವ ವ್ಯತ್ಯಾಸವನ್ನು ಉಸಿರಿನಿಂದಲೇ ಅಳೆಯಬಹುದು. ಮಾತನಾಡಲು ಸಾಧ್ಯವಿದ್ದು ಹಾಡಲು ಆಗದಿದ್ದರೆ ಅದು ಮಧ್ಯಮ ಶ್ರಮ. ನಾಲ್ಕು ಮಾತಿಗೇ ಏದುಸಿರು ಬಂದರೆ ತೀವ್ರ ಶ್ರಮ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನು, ಅಥವಾ ಎರಡರ ಬೆರಕೆಯನ್ನು ಸೂಚಿಸುತ್ತದೆ.

ಬಿಡುವು ಕಡಿಮೆಯಿರುವವರಿಗೆ ತೀವ್ರ ವ್ಯಾಯಾಮ ಲಾಭಕರವೇ ಸರಿ. ಆದರೆ ಬೆಟ್ಟದಲ್ಲಿ ಏರು ಹೃದಯವನ್ನು ಪರೀಕ್ಷಿಸಿದರೆ, ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುವುದರಿಂದ, ಅಭ್ಯಾಸವಿಲ್ಲದವರಿಗೆ ನೋವು ಮರುದಿನವೋ ಅದರ ಮರುದಿನವೋ ಹೆಚ್ಚುತ್ತದೆ. ವರ್ಷವಿಡೀ ಕುರ್ಚಿಯಲ್ಲಿ ಕುಳಿತು, ಬೇಸಿಗೆಯ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ತಮ್ಮ ಒಕ್ಕದ (ಮನೆತನದ) ತಂಡಕ್ಕೆಂದು ಒಮ್ಮೆಲೇ ಸ್ಟಿಕ್ ಹಿಡಿಯುವವರ ಬಗೆಗೂ ನನಗೆ ಇದೇ ಆತಂಕವಿದೆ. ಅವರು ಕೆಲವು ವಾರ ಮೊದಲೇ ಬಿರುಸುನಡಿಗೆಯಿಂದ ಆರಂಭಿಸಬೇಕು.

ಕಾಫಿ ಕೊಯ್ಲಿನ ದಿನಗಳಲ್ಲಿ ಇಳಿಜಾರಿನ ತೋಟದಲ್ಲಿ ದುಡಿಯುವವರ ಮಾತು ಬೇರೆ. ಅವರ ದೇಹ ಆಗಲೇ ಸಾಕಷ್ಟು ಶ್ರಮಿಸಿರುವುದರಿಂದ, ಸಂಜೆ ಸೊಂಟ, ಭುಜಗಳನ್ನು ನಿಧಾನವಾಗಿ ಚಾಚುವುದೂ ದೀರ್ಘ ಉಸಿರಾಟವೂ ಅವರಿಗೆ ಹಿತ.

ಮಳೆಗಾಲಕ್ಕೆ ಸೂರ್ಯನಮಸ್ಕಾರವೇ ನನ್ನ ಆಯ್ಕೆ: ನಿಧಾನಿಸಿದರೆ ಸೌಮ್ಯ, ವೇಗಗೊಳಿಸಿದರೆ ಕಠಿಣ, ಜಿಗಣೆಯ ಕಾಟವೂ ಇಲ್ಲ. ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡ ಇರುವವರು ಮಾತ್ರ ವೈದ್ಯರನ್ನು ಕಂಡ ಬಳಿಕವೇ ವೇಗ ಹೆಚ್ಚಿಸಲಿ.