ಬಾಟ್ ಎಲ್ಲಿ ಓಡಬೇಕು: ಲ್ಯಾಪ್‌ಟಾಪೋ, ಎಲ್ಲರಿಗೂ ಒಂದೇ ಸರ್ವರೋ, ಒಬ್ಬೊಬ್ಬರಿಗೊಂದು ವರ್ಚುವಲ್ ಮೆಷಿನ್ನೋ?

ನಮ್ಮ ಅಕೌಂಟ್ಸ್‌ನಲ್ಲಿ 30 ಜನ. ಖರೀದಿ ಬಿಲ್ಲಿನ ಪಿಡಿಎಫ್ ಓದಿ, ಎಕ್ಸೆಲ್‌ಗೆ ಹಾಕಿ, ಕಂಪನಿಯ ಲೆಕ್ಕಪತ್ರ ಇರುವ ಎಸ್‌ಎಪಿ ಸಾಫ್ಟ್‌ವೇರ್‌ಗೆ ತುಂಬುವ ಬಾಟ್ (ನಮ್ಮ ಬದಲು ತಾನೇ ಕ್ಲಿಕ್ ಮಾಡಿ, ಟೈಪ್ ಮಾಡುವ ಪ್ರೋಗ್ರಾಂ) ಒಂದನ್ನು ಯುಐಪಾತ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ಟಿದ್ದೆವು. ಇದು ಅಟೆಂಡೆಡ್ ಬಾಟ್, ಬೇಕಾದವರು ಬೇಕಾದಾಗ ಬಟನ್ ಒತ್ತುತ್ತಾರೆ. ರಾತ್ರಿ ತಾನೇ ಓಡುವ ಬಾಟ್‌ಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಬಹುದು. ಬಟನ್ ಒತ್ತಿ ಕೂತವರನ್ನು ನಿಲ್ಲಿಸೋಕಾಗುತ್ತಾ?

ಮೊದಲು ಅವರವರ ಲ್ಯಾಪ್‌ಟಾಪ್‌ನಲ್ಲೇ ಓಡಿಸಿದೆವು. ಸರ್ವರ್ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಎಲ್ಲ ಬಾಟ್‌ಗಳ ಮೇಲೆ ಕಣ್ಣಿಡುವ ಯುಐಪಾತ್‌ನ ಆರ್ಕೆಸ್ಟ್ರೇಟರ್‌ಗೆ ಬಾಟ್ 30 ಸೆಕೆಂಡಿಗೊಮ್ಮೆ ‘ಇದ್ದೀನಿ’ ಅಂತ ಹೇಳಿ ಲಾಗ್ ಕಳಿಸುತ್ತದೆ, ಅಷ್ಟೇ. ಆದರೆ ಬಾಟ್ ಓಡುವಾಗ ಮೌಸ್, ಕೀಬೋರ್ಡ್ ಅದರ ಕೈಯಲ್ಲಿ. ಒಬ್ಬರು ನಡುವೆ ವಾಟ್ಸಾಪ್ ವೆಬ್ ತೆರೆದರು, ಬಿಲ್ ನಂಬರ್ ನೇರವಾಗಿ ಅವರ ಫ್ಯಾಮಿಲಿ ಗ್ರೂಪ್‌ಗೆ ಹೋಯಿತು. ಪಿಕ್ಚರ್ ಇನ್ ಪಿಕ್ಚರ್ ಹಾಕಿದ ಮೇಲೆ ಬಾಟ್ ಬೇರೆ ಕಿಟಕಿಯಲ್ಲಿ ಓಡತೊಡಗಿತು. 8 ಜಿಬಿ ಲ್ಯಾಪ್‌ಟಾಪ್‌ಗಳು ಮಾತ್ರ ಏದುಸಿರು ಬಿಟ್ಟವು.

ಆಮೇಲೆ ಎಲ್ಲರಿಗೂ ಸೇರಿ ಒಂದು ವಿಂಡೋಸ್ ಸರ್ವರ್. ಲ್ಯಾಪ್‌ಟಾಪ್‌ನಲ್ಲಿ ರಿಮೋಟ್ ಕಿಟಕಿ ತೆರೆದು ಅದಕ್ಕೆ ಲಾಗಿನ್ ಆಗಿ ಬಾಟ್ ಓಡಿಸಬೇಕು. ಇಲ್ಲೇ ನಾನು ಎಡವಿದ್ದು. ನನ್ನ ಲೆಕ್ಕ ಹೀಗಿತ್ತು: 30 ಜನ, ದಿನಕ್ಕೆ 4 ಸಲ, ಸಲಕ್ಕೆ 6 ನಿಮಿಷ, ಒಟ್ಟು 720 ನಿಮಿಷ. ಕೆಲಸದ ಹೊತ್ತು 480 ನಿಮಿಷ. ಅಂದರೆ ಒಂದು ಹೊತ್ತಿಗೆ ಸರಾಸರಿ ಒಂದೂವರೆ ಬಾಟ್! ‘5 ಅಂತ ಇಟ್ಕೊಳ್ಳೋಣ, ಧಾರಾಳ ಆಯ್ತು’ ಅಂತ 16 ಜಿಬಿ ಮೆಮೊರಿ ಕೇಳಿದೆ.

20ನೇ ತಾರೀಖು ತಿಂಗಳ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-3ಬಿ) ಸಲ್ಲಿಸೋಕೆ ಕೊನೆ ದಿನ. ಬೆಳಗ್ಗೆ ಕಾಫಿ ಮುಗಿಸಿ ಬಂದು 14 ಜನ ಒಟ್ಟಿಗೆ ಒತ್ತಿದರು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ 97%. ಎಕ್ಸೆಲ್, ಎಸ್‌ಎಪಿ, ಕ್ರೋಮ್ ಸೇರಿ ಒಂದೊಂದು ಸೆಷನ್ (ಒಬ್ಬೊಬ್ಬರ ಲಾಗಿನ್) ಹೆಚ್ಚುಕಡಿಮೆ 2 ಜಿಬಿ ತಿನ್ನುತ್ತಿತ್ತು. ಸರ್ವರ್ ನಿಧಾನವಾದರೆ ಮನುಷ್ಯ ಬೈಕೊಂಡು ಕಾಯುತ್ತಾನೆ. ಬಾಟ್ ಕಾಯಲ್ಲ. ಬೇರೆ ಹೇಳದಿದ್ದರೆ 30 ಸೆಕೆಂಡ್ ನೋಡಿ ‘ಸೇವ್ ಬಟನ್ ಸಿಗಲಿಲ್ಲ’ ಅಂತ ಕೈಚೆಲ್ಲುತ್ತದೆ. ಜನ ಮತ್ತೆ ಒತ್ತಿದರು, ಭಾರ ಇನ್ನೂ ಜಾಸ್ತಿಯಾಯಿತು.

ಕೆಲವರು ರಿಮೋಟ್ ಕಿಟಕಿಯನ್ನು ಮಿನಿಮೈಸ್ ಮಾಡಿದ್ದರು. ಹಾಗೆ ಮಾಡಿದರೆ ಪರದೆ ಮೂಡುವುದೇ ನಿಲ್ಲುತ್ತದೆ, ಬಾಟ್‌ಗೆ ಏನೂ ಕಾಣಲ್ಲ. ಇನ್ನು ಕೆಲವರು ಲಾಗ್ ಆಫ್ ಮಾಡದೆ ಕಿಟಕಿ ಮುಚ್ಚಿ ಹೋಗಿದ್ದರು, ಅವರ ಸೆಷನ್‌ಗಳು ಸುಮ್ನೆ ಮೆಮೊರಿ ಹಿಡಿದು ಕೂತಿದ್ದವು. ಈಗ 15 ನಿಮಿಷಕ್ಕೆ ತಾನೇ ಲಾಗ್ ಆಫ್. ಲೈಸೆನ್ಸ್ ಕಡೆಗೂ ಒಂದು ಕಣ್ಣಿರಲಿ. ಒಂದೇ ಸರ್ವರ್‌ಗೆ ಹಲವರು ಲಾಗಿನ್ ಆಗೋಕೆ ಬೇಕಾದ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ಲೈಸೆನ್ಸ್ ಇಲ್ಲದೆ ಓಡುವುದು 120 ದಿನದ ಗ್ರೇಸ್ ಪಿರಿಯಡ್‌ನಲ್ಲಿ ಮಾತ್ರ, ಅದು ಪೈಲಟ್ (ಪ್ರಯೋಗ) ಹೊತ್ತಲ್ಲಿ ಯಾರಿಗೂ ನೆನಪಿರಲ್ಲ.

ಒಬ್ಬೊಬ್ಬರಿಗೊಂದು ವರ್ಚುವಲ್ ಮೆಷಿನ್ (ದೊಡ್ಡ ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಬೇರೆಯದೇ ಕಂಪ್ಯೂಟರ್) ಅನ್ನು 5 ಜನಕ್ಕೆ ಎರಡು ವಾರ ಕೊಟ್ಟು ನೋಡಿದೆವು. ಒಬ್ಬರ ಬಾಟ್ ಕೆಟ್ಟರೆ ಪಕ್ಕದವರಿಗೆ ಗೊತ್ತೂ ಆಗಲ್ಲ, ಕೆಲಸ ನಿಜಕ್ಕೂ ಚೆಂದ. ಆದರೆ ದಿನಕ್ಕೆ 24 ನಿಮಿಷ ಓಡುವ ಬಾಟ್‌ಗೆ ಇಡೀ ದಿನ ಒಂದು ಮೆಷಿನ್ ಕಾಯಬೇಕು. ಅಷ್ಟು ದುಡ್ಡು ನಮ್ಮಲ್ಲಿ ಯಾರೂ ಕೊಡಲ್ಲ.

ಕೊನೆಗೆ ಆರ್ಕೆಸ್ಟ್ರೇಟರ್‌ನಿಂದ ಮೂರು ತಿಂಗಳ ಜಾಬ್ ಪಟ್ಟಿ ತೆಗೆದೆ. ಶುರುವಾದ ಹೊತ್ತು, ಮುಗಿದ ಹೊತ್ತು ಪಕ್ಕಪಕ್ಕ ಇಟ್ಟು, ಒಂದೇ ನಿಮಿಷದಲ್ಲಿ ಎಷ್ಟು ಓಡುತ್ತಿದ್ದವು ಅಂತ ಎಣಿಸಿದೆ. ಈ ಕೆಲಸ ಮೊದಲೇ ಮಾಡಬೇಕಿತ್ತು, ಅಲ್ವಾ? ಈಗ 18 ಜನ ಲ್ಯಾಪ್‌ಟಾಪ್‌ನಲ್ಲೇ ಇದ್ದಾರೆ. ಜಿಎಸ್‌ಟಿ ನೋಡುವ 12 ಜನ 32 ಜಿಬಿ ಸರ್ವರ್‌ನಲ್ಲಿ, 12 ಜನವೂ ಒಟ್ಟಿಗೆ ಒತ್ತುತ್ತಾರೆ ಅಂತಲೇ ಲೆಕ್ಕ.